ತುಕ್ಕು ಹಿಡಿದ ಲಾರಿ ಕ್ಯಾಬಿನ್ನಿಗೆ ವೆಲ್ಡಿಂಗ್: ತೂತು ಮುಚ್ಚಲು ಹೋದರೆ ತೂತೇ ದೊಡ್ಡದಾಗುತ್ತಿದೆ

ತೋಟದ ಲಾರಿ, ಮೂಡಿಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಮೂಡಿಗೆರೆಯ ಸಮೀಪ ನಮ್ಮದು ನಾಲ್ಕೂವರೆ ಎಕರೆ ಕಾಫಿ ತೋಟ. ತಂದೆಯವರು ಕೊಂಡಿದ್ದ 1996ರ ಮಾಡೆಲ್‌ನ 407 ಲಾರಿ ಇಂದಿಗೂ ನಮ್ಮಲ್ಲಿ ದುಡಿಯುತ್ತಿದೆ. ಎಂಜಿನ್ನು, ಗೇರ್‌ಬಾಕ್ಸುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇಷ್ಟು ಮಳೆಗಾಲಗಳ ಕೆಸರು, ಸೀಟಿನ ಹಿಂದೆ ತುರುಕಿದ ಗೊಬ್ಬರದ ಚೀಲಗಳಿಂದ ಉದುರಿದ ಪುಡಿ, ಒದ್ದೆ ಕಂಬಳಿ ಇವೆಲ್ಲ ಸೇರಿ ಕ್ಯಾಬಿನ್ನಿನ ತಳದ ತಗಡನ್ನು ತಿಂದುಹಾಕಿವೆ. ಕ್ಲಚ್ ಪೆಡಲಿನ ಕೆಳಗೆ ರಸ್ತೆ ಕಾಣಿಸುತ್ತದೆ. ಎರಡೂ ಬಾಗಿಲುಗಳ ಕೆಳಪಟ್ಟಿಯನ್ನು ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯುತ್ತದೆ.

ಕೆಲವು ವರ್ಷಗಳ ಹಿಂದೆ ಇದನ್ನು ಒಂದು ಕಡೆ ರಿಪೇರಿ ಮಾಡಿಸಿದ್ದೆವು. ತುಕ್ಕಿನ ಮೇಲೆಯೇ ತಗಡು ಕೂರಿಸಿ, ಪುಟ್ಟಿ ಬಳಿದು, ಬಣ್ಣ ಹೊಡೆದು ಕೊಟ್ಟ ಆ ಕೆಲಸ ಎರಡೇ ಮಳೆಗಾಲದಲ್ಲಿ ಬಿಟ್ಟುಕೊಂಡಿತು. ಆದ್ದರಿಂದ ಈ ಸಲ ನಾನೇ ಕಲಿತು ಮಾಡುವುದೆಂದು ನಿಶ್ಚಯಿಸಿ, 200 ಆಂಪ್‌ನ ಸಿಂಗಲ್ ಫೇಸ್ ಇನ್ವರ್ಟರ್ ಆರ್ಕ್ ಯಂತ್ರವನ್ನೂ ಒಂದು ಪೊಟ್ಟಣ 12 ನಂಬರ್ ರಾಡನ್ನೂ ತಂದಿದ್ದೇನೆ. ಐದು ಮಿಲಿಮೀಟರ್ ದಪ್ಪದ ಆಂಗಲ್ ತುಂಡುಗಳ ಮೇಲೆ ಹದಿನೈದು ದಿನ ಕೈ ಪಳಗಿಸಿಕೊಂಡೆ. ಗೆರೆ ನೆಟ್ಟಗೆ ಬರತೊಡಗಿತು, ಬೆಸುಗೆಯ ಮೇಲೆ ಕಟ್ಟುವ ಸ್ಲ್ಯಾಗ್ ಪದರ ತಟ್ಟಿದರೆ ತಾನೇ ಕಳಚಿಕೊಳ್ಳುತ್ತಿತ್ತು. ಆ ಧೈರ್ಯದಿಂದ ಲಾರಿಗೆ ಕೈಹಾಕಿದೆ.

90 ಆಂಪ್‌ನಲ್ಲಿಟ್ಟರೆ ರಾಡು ತಗುಲಿದ ಕ್ಷಣವೇ ತಗಡು ಕರಗಿ ತೂತಾಗುತ್ತದೆ. 50ಕ್ಕೆ ಇಳಿಸಿದರೆ ರಾಡು ಅಂಟಿಕೊಳ್ಳುತ್ತದೆ. ಎಳೆದರೆ ತಗಡಿನ ಚೂರೇ ಕಿತ್ತು ಬರುತ್ತದೆ. ಎಂಟಾಣೆ ಅಗಲದ ತೂತು ಮುಚ್ಚಲು ಕುಳಿತವನು ಸಂಜೆಯ ಹೊತ್ತಿಗೆ ಅಂಗೈ ಅಗಲದ ಕಿಂಡಿ ಮಾಡಿಟ್ಟಿದ್ದೇನೆ. ಸಂಜೆ ವೋಲ್ಟೇಜು ಇಳಿಯುವುದೂ ಇದಕ್ಕೆ ಕಾರಣವೇ, ಅಥವಾ ಆರ್ಕ್ ಯಂತ್ರದಿಂದ ಈ ತಗಡಿನ ಕೆಲಸ ಆಗುವುದೇ ಇಲ್ಲವೇ? ತೇಪೆಗೆ ಯಾವ ತಗಡು ಹಾಕಬೇಕೆಂಬುದನ್ನೂ ತಿಳಿಸಿದರೆ ಉಪಕಾರ. ಕಣದ ಚಾವಣಿಗೆ ತಂದಿದ್ದ ಜಿಐ ಶೀಟು ಮನೆಯಲ್ಲಿ ಉಳಿದಿದೆ. ತುಕ್ಕು ಹಿಡಿಯದ ತಗಡಾದ್ದರಿಂದ ಅದನ್ನೇ ಬಳಸಬಹುದೆಂದುಕೊಂಡಿದ್ದೇನೆ.


ಬಿ.ಎಂ. ರಸ್ತೆ ವೆಲ್ಡರ್, ಹಾಸನ

ಮೊದಲು ಜಿಐ ಶೀಟಿನ ಮಾತು, ಏಕೆಂದರೆ ಅದು ಅವಸರದ್ದು. ದಯವಿಟ್ಟು ಅದನ್ನು ಚಾವಣಿಗೇ ಬಿಡಿ. ಅದರ ಮೇಲಿರುವ ಸತುವಿನ ಲೇಪ 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಆವಿಯಾಗುತ್ತದೆ, ಆದರೆ ಉಕ್ಕು ಕರಗುವುದು 1500 ಡಿಗ್ರಿಯ ಆಸುಪಾಸಿನಲ್ಲಿ. ಅಂದರೆ ಕಬ್ಬಿಣ ಕರಗುವುದಕ್ಕೆ ಎಷ್ಟೋ ಮೊದಲೇ ಬಿಳಿ ಹೊಗೆ ಎದ್ದು ನಿಮ್ಮ ಮೂಗಿಗೆ ಸೇರುತ್ತದೆ, ಬೆಸುಗೆಯೊಳಗೂ ಗುಳ್ಳೆ ಉಳಿಯುತ್ತದೆ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಮುಚ್ಚಿದ ಶೆಡ್ಡಿನಲ್ಲಿ ಜಿಐ ಪೈಪಿನ ಗೇಟು ಮಾಡಿ ಮನೆಗೆ ಹೋದವನು ರಾತ್ರಿ ಊಟವಾದ ಮೇಲೆ ಮಲೇರಿಯಾ ಬಂದವನಂತೆ ನಡುಗಿದ್ದೇನೆ. ಮರುದಿನ ಸಂಜೆಗೆ ಜ್ವರ ತಾನೇ ಇಳಿಯಿತು. ಹಾಗೆ ಇಳಿಯುತ್ತದೆಂಬ ಕಾರಣಕ್ಕೇ ನಮ್ಮಲ್ಲಿ ಬಹಳ ಮಂದಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ತೂತಿನ ವಿಷಯ. ನಿಮ್ಮ ಕೈಯನ್ನು ನೀವು ಬೈದುಕೊಳ್ಳಬೇಕಾಗಿಲ್ಲ, ನೀವು ರಾಡು ಮುಟ್ಟಿಸಿದ ಜಾಗದಲ್ಲಿ ಬೆಸೆಯಲು ಲೋಹವೇ ಉಳಿದಿರಲಿಲ್ಲ. ಕ್ಯಾಬಿನ್ನಿನ ತಗಡು ಹೊಸದಾಗಿದ್ದಾಗಲೇ ಒಂದು ಮಿಲಿಮೀಟರಿನ ಆಸುಪಾಸಿನದು. ತುಕ್ಕಿನ ತೂತಿನ ಅಂಚಿನಲ್ಲಿ ಅದು ಕಾಗದದಷ್ಟು ತೆಳ್ಳಗಾಗಿರುತ್ತದೆ. ಅಲ್ಲಿಂದ ಎರಡು ಮೂರು ಇಂಚು ಆಚೆ ಹೋದರೆ ಮಾತ್ರ ಅದರ ಮೂಲ ದಪ್ಪ ಸಿಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತೆಗೆದುಕೊಳ್ಳುವುದರಿಂದ ನೋಡಲು ದಪ್ಪಗೇ ಕಾಣುತ್ತದೆ, ಮೋಸಹೋಗುವುದು ಅಲ್ಲಿಯೇ. ಚಿಕ್ಕ ಸುತ್ತಿಗೆಯಿಂದ ಒಳಗಿನಿಂದ ಹೊರಕ್ಕೆ ತಟ್ಟುತ್ತಾ ಹೋಗಿ: ಸತ್ತ ತಗಡು ‘ದಪ್’ ಎನ್ನುತ್ತದೆ, ಜೀವವಿರುವ ತಗಡು ‘ಟಣ್’ ಎನ್ನುತ್ತದೆ. ಸೀಮೆಸುಣ್ಣದಿಂದ ಟಣ್ ಎಂದ ಜಾಗದಲ್ಲಿ ಗೆರೆ ಎಳೆದು, ಅದರ ಮೇಲೆ ಒಂದು ಮಿಲಿಮೀಟರಿನ ಕಟಿಂಗ್ ವೀಲ್‌ನಿಂದ ಕೊಯ್ದು ತೆಗೆಯಿರಿ. ತೂತು ಅಂಗೈಯಿಂದ ಊಟದ ತಟ್ಟೆಯಷ್ಟಾಗುತ್ತದೆ. ಆಗಲಿ.

ಆರ್ಕ್ ಯಂತ್ರದಿಂದ ಒಂದು ಮಿಲಿಮೀಟರ್ ತಗಡು ಬೆಸೆಯಬಹುದು, ಆದರೆ ಕಲಿಯುವವನಿಗೆ ಅದು ಸುಲಭದ ದಾರಿಯಲ್ಲ. 12 ನಂಬರ್ ಎಂದರೆ 2.5 ಮಿ.ಮೀ. ರಾಡು, ಅದರ ಬದಲು 2 ಮಿ.ಮೀ.ನ 6013 ರಾಡು ಕೇಳಿ ತನ್ನಿ, 40ರಿಂದ 55 ಆಂಪ್‌ನೊಳಗೆ ಓಡಿಸಿ. ನಿಮ್ಮದು ಡಿಸಿ ಯಂತ್ರವಾದ್ದರಿಂದ ಹೋಲ್ಡರನ್ನು ಮೈನಸ್‌ಗೆ, ಅರ್ತ್ ಕ್ಲಾಂಪನ್ನು ಪ್ಲಸ್‌ಗೆ ಹಾಕಿ. ಹಾಗೆ ಮಾಡಿದರೆ ಬೆಂಕಿ ತಗಡಿನೊಳಗೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ರಾಡು ಅಂಟುವುದು ತಣ್ಣಗಿರುವಾಗ ಹೆಚ್ಚು. ಪಕ್ಕದಲ್ಲಿ ಒಂದು ಗುಜರಿ ತುಂಡಿಟ್ಟುಕೊಂಡು ಅದರ ಮೇಲೆ ಕಿಡಿ ಹೊತ್ತಿಸಿ, ತುದಿ ಕಾದ ಕೂಡಲೇ ಕೆಲಸದ ಜಾಗಕ್ಕೆ ತನ್ನಿ. ಗೆರೆ ಎಳೆಯಲೇಬೇಡಿ; ಒಂದು ಚುಕ್ಕೆ, ಎತ್ತು, ಕೆಂಪು ಆರಲಿ, ಮತ್ತೊಂದು ಚುಕ್ಕೆ. ಹಿಂಬದಿಗೆ ಚಪ್ಪಟೆ ಮಾಡಿದ ತಾಮ್ರದ ಪೈಪಿನ ತುಂಡನ್ನು ಒತ್ತಿ ಹಿಡಿಯಲು ಒಬ್ಬರಿದ್ದರೆ ಅರ್ಧ ತೊಂದರೆ ಕಳೆಯುತ್ತದೆ: ತಾಮ್ರ ಶಾಖವನ್ನು ಎಳೆದುಕೊಳ್ಳುತ್ತದೆ, ಕರಗಿದ ಉಕ್ಕು ಕೆಳಗೆ ಸುರಿಯದಂತೆ ತಡೆಯುತ್ತದೆ, ಅದಕ್ಕೆ ಅಂಟಿಕೊಳ್ಳುವುದೂ ಇಲ್ಲ.

ವೋಲ್ಟೇಜಿನ ಪಾಲೂ ಇದೆ, ಆದರೆ ಬಹಳ ಸಲ ತಪ್ಪು ಮನೆಯೊಳಗಿನ ವೈರಿನದು. ತಗಡಿಗೆ ಬೇಕಾದ 50 ಆಂಪ್‌ನಲ್ಲಿ ಯಂತ್ರ ಎಳೆಯುವುದು ಒಂದೂವರೆ ಕಿಲೋವ್ಯಾಟಿನಷ್ಟೇ. ಮನೆಯಿಂದ ಶೆಡ್ಡಿಗೆ ಇಪ್ಪತ್ತು ಮೀಟರ್ ಸಣ್ಣ ವೈರು ಎಳೆದಿದ್ದರೆ ಅದನ್ನು ಕನಿಷ್ಠ 2.5 ಚದರ ಮಿ.ಮೀ. ತಾಮ್ರದ ವೈರಿಗೆ ಬದಲಿಸಿ, ಸುತ್ತಿಟ್ಟ ಸುರುಳಿಯನ್ನು ಪೂರ್ತಿ ಬಿಚ್ಚಿ. ಆಮೇಲೆ ಬೇಕಾದರೆ ಲೈನಿನ ಮೇಲೆ ದೂರು ಹೇಳೋಣ.

ಇಷ್ಟು ಹೇಳಿಯೂ, ನನ್ನ ಅಭಿಪ್ರಾಯ ಕೇಳಿದರೆ ಮಿಗ್ ಯಂತ್ರವನ್ನು (ರಾಡಿನ ಬದಲು ತಂತಿ ತಾನೇ ಹೊರಬಂದು ಗ್ಯಾಸಿನ ಮರೆಯಲ್ಲಿ ಬೆಸೆಯುವಂಥದ್ದು) ಒಂದು ತಿಂಗಳ ಮಟ್ಟಿಗೆ ಬಾಡಿಗೆಗೋ ಕೈಸಾಲಕ್ಕೋ ತನ್ನಿ. ಇಲ್ಲಿ ಸಿಓಟು ವೆಲ್ಡಿಂಗ್ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. 0.8 ಮಿ.ಮೀ. ತಂತಿ, ನಿಮಿಷಕ್ಕೆ ಹತ್ತು ಲೀಟರಿನಷ್ಟು ಗ್ಯಾಸು. ಗುಂಡಿ ಒತ್ತಿದ ಅರ್ಧ ಸೆಕೆಂಡಿಗೆ ಒಂದು ಚುಕ್ಕೆ ಬೀಳುತ್ತದೆ, ಬಿಟ್ಟರೆ ನಿಲ್ಲುತ್ತದೆ, ಅಂಟಿಕೊಳ್ಳುವ ಪ್ರಶ್ನೆಯೇ ಇಲ್ಲ. ಆದರೆ ಶೆಡ್ಡಿಗೆ ಗೋಡೆಯಿಲ್ಲದಿದ್ದರೆ ನಿಮ್ಮ ಕಡೆಯ ಗಾಳಿ ಆ ಗ್ಯಾಸನ್ನು ಹೊತ್ತೊಯ್ದು ಬೆಸುಗೆಯನ್ನು ಜೇನುಗೂಡು ಮಾಡುತ್ತದೆ, ಟಾರ್ಪಾಲು ಕಟ್ಟಿ.


ಹಳೇ ಟಿಂಕರ್, ಸಕಲೇಶಪುರ

ವೆಲ್ಡರ್ ಅಣ್ಣನವರು ಬೆಂಕಿಯ ಕಡೆಯಿಂದ ಹೇಳಿದ್ದಾರೆ, ನಾನು ತಗಡಿನ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ. ನಾವು ಕಲಿತದ್ದು ಗ್ಯಾಸ್ ವೆಲ್ಡಿಂಗಿನಲ್ಲಿ, ಆಕ್ಸಿಜನ್ ಮತ್ತು ಅಸಿಟಿಲೀನ್ ಜ್ವಾಲೆಯಲ್ಲಿ. ತೆಳು ತಗಡಿಗೆ ಅದರಷ್ಟು ಮೃದುವಾದ ಬೆಸುಗೆ ಇನ್ನೊಂದಿಲ್ಲವೆಂದು ಇಂದಿಗೂ ನಂಬಿದ್ದೇನೆ. ಆದರೆ ಅದು ಸುತ್ತಲಿನ ಒಂದಡಿ ತಗಡನ್ನೆಲ್ಲ ಕಾಯಿಸಿ ಅಲೆಯಾಗಿಸುತ್ತದೆ, ಆ ಅಲೆಯನ್ನು ಇಳಿಸುವ ಕೈ ಬರಲು ವರ್ಷಗಳು ಬೇಕು. ಆದ್ದರಿಂದ ನಿಮಗೆ ಮಿಗ್ ಒಳ್ಳೆಯದೆಂಬ ಮಾತಿಗೆ ನನ್ನ ಒಪ್ಪಿಗೆಯಿದೆ.

ತೇಪೆಗೆ ಸಿಆರ್ ಶೀಟ್, ಅಂದರೆ ಕೋಲ್ಡ್ ರೋಲ್ಡ್ ಉಕ್ಕಿನ ತಗಡು ಕೇಳಿ. ತಳಕ್ಕೆ 18 ಗೇಜು, ಅಂದರೆ 1.2 ಮಿ.ಮೀ.; ಬಾಗಿಲಿಗೆ 20 ಗೇಜು, ಅಂದರೆ 0.9 ಮಿ.ಮೀ. ತಳಕ್ಕೆ ಇನ್ನೂ ದಪ್ಪ ಹಾಕಿದರೆ ಗಟ್ಟಿಯಾಗುತ್ತದೆಂದು ಎಣಿಸಬೇಡಿ; ದಪ್ಪ ತಗಡು ಕರಗುವಷ್ಟರಲ್ಲಿ ಪಕ್ಕದ ಹಳೆಯ ತಗಡು ಸುಟ್ಟುಹೋಗಿರುತ್ತದೆ. ಕೊಯ್ದ ಕಿಂಡಿಯ ಮೇಲೆ ರಟ್ಟು ಇಟ್ಟು ಅಂಚನ್ನು ಬೆರಳಿನಿಂದ ಒತ್ತಿ ಗುರುತು ಮೂಡಿಸಿ, ಆ ರಟ್ಟಿನ ಅಳತೆಗೆ ತಗಡು ಕತ್ತರಿಸಿ. ಮೂಲೆಗಳನ್ನು ಚೂಪಾಗಿ ಬಿಡದೆ ಒಂದು ರೂಪಾಯಿ ನಾಣ್ಯದ ಸುತ್ತಿನಷ್ಟು ದುಂಡಾಗಿಸಿ, ಏಕೆಂದರೆ ಚೂಪು ಮೂಲೆಯಲ್ಲಿ ಶಾಖವೂ ಎಳೆತವೂ ಒಟ್ಟಾಗಿ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ತೇಪೆ ಮತ್ತು ಹಳೆಯ ತಗಡಿನ ನಡುವೆ ಕಟಿಂಗ್ ವೀಲಿನ ದಪ್ಪದಷ್ಟೇ ಸಂದು ಉಳಿಯಬೇಕು. ನನ್ನ ಬಳಿಗೆ ಬರುತ್ತಿದ್ದ ಹುಡುಗರು ಬೆಸುಗೆ ಕೆಡಿಸಿದ್ದಕ್ಕಿಂತ ಈ ಸಂದನ್ನು ಕೆಡಿಸಿದ್ದೇ ಹೆಚ್ಚು. ಒಂದು ಕಡೆ ಕೂದಲೆಳೆ, ಇನ್ನೊಂದು ಕಡೆ ಬೆರಳು ತೂರುವಷ್ಟು ಬಿಟ್ಟರೆ ಎಂಥ ಯಂತ್ರ ತಂದರೂ ತೂತೇ ಬೀಳುತ್ತದೆ. ಅರ್ಧ ದಿನ ಅರದಲ್ಲಿ ತಿಕ್ಕಿ ಕೂರಿಸಿದ ತೇಪೆಯನ್ನು ಅರ್ಧ ಗಂಟೆಯಲ್ಲಿ ಬೆಸೆಯಬಹುದು.

ಬೆಸೆಯುವಾಗ ಮೊದಲು ನಾಲ್ಕು ದಿಕ್ಕಿಗೆ ನಾಲ್ಕು ಟ್ಯಾಕ್ (ತಗಡು ಅಲುಗದಂತೆ ಹಿಡಿಯುವ ಬೆಸುಗೆಯ ಚುಕ್ಕೆ), ಅನಂತರ ಅವುಗಳ ನಡುವೆ ಒಂದೊಂದು, ಮತ್ತೆ ನಡುವೆ, ಹೀಗೆ ಅಂತರ ಒಂದು ಇಂಚಿಗೆ ಇಳಿಯುವವರೆಗೂ ಎದುರುಬದುರಾಗಿ ಹಾಕಿ. ಒಂದು ಚುಕ್ಕೆಯ ಪಕ್ಕ ಇನ್ನೊಂದನ್ನು ಹಾಕುವ ಮುಂಚೆ ಬರಿಗೈಯಿಂದ ಮುಟ್ಟಲಾಗುವಷ್ಟು ಆರಿರಬೇಕು. ಅವಸರ ಪಟ್ಟರೆ ಏನಾಗುತ್ತದೆಂಬುದಕ್ಕೆ ಲೆಕ್ಕವನ್ನೇ ಹೇಳುತ್ತೇನೆ. ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ, 300 ಮಿ.ಮೀ. ಉದ್ದದ ಅಂಚು 500 ಡಿಗ್ರಿ ಕಾದರೆ 1.8 ಮಿ.ಮೀ. ಬೆಳೆಯಲು ನೋಡುತ್ತದೆ. ಸುತ್ತಲಿನ ತಣ್ಣನೆಯ ತಗಡು ಅದಕ್ಕೆ ಜಾಗ ಕೊಡುವುದಿಲ್ಲ, ಆದ್ದರಿಂದ ಅದು ಮೇಲಕ್ಕೆ ಉಬ್ಬುತ್ತದೆ. ಆರುವಾಗ ಕುಗ್ಗಿ ಇನ್ನೊಂದು ಕಡೆಗೆ ಎಳೆಯುತ್ತದೆ. ಹಾಗೆ ಎಳೆದಿದ್ದರೆ ಚುಕ್ಕೆಯನ್ನು ಅರೆದು ಸಮ ಮಾಡಿ, ಹಿಂಬದಿಗೆ ಡಾಲಿ (ಆಸರೆಗೆ ಒತ್ತಿ ಹಿಡಿಯುವ ಉಕ್ಕಿನ ಗಟ್ಟಿ) ಹಿಡಿದು ಬೆಸುಗೆಯ ಗೆರೆಯ ಮೇಲೆಯೇ ಮೆಲ್ಲಗೆ ಬಡಿಯಿರಿ. ಲೋಹ ಹಿಗ್ಗಿ ಎಳೆತ ಸಡಿಲವಾಗುತ್ತದೆ.

ಬಾಗಿಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಳಪಟ್ಟಿಯಲ್ಲಿ ಕಂಪನಿಯವರೇ ಬಿಟ್ಟಿರುವ ನೀರಿಳಿಯುವ ಕಿಂಡಿಗಳಿರುತ್ತವೆ. ಗಾಜಿನ ಪಟ್ಟಿಯಿಂದ ಒಳಗಿಳಿದ ಮಳೆನೀರು ಅವುಗಳಿಂದಲೇ ಹೊರಹೋಗಬೇಕು. ಮಣ್ಣು ಕಟ್ಟಿಕೊಂಡು ಅವು ಮುಚ್ಚಿದ್ದರಿಂದಲೇ ನಿಮ್ಮ ಬಾಗಿಲು ಕೊಳೆತಿರಬೇಕು. ಹೊಸ ಪಟ್ಟಿಯಲ್ಲಿ ಅವನ್ನು ಮರೆತು ಮುಚ್ಚಿದರೆ ಬೆಸುಗೆ ಎಷ್ಟು ಚೆನ್ನಾಗಿದ್ದರೂ ಬಾಗಿಲೊಳಗೆ ಕೆರೆ ನಿಲ್ಲುತ್ತದೆ. ಸೀಟಿನ ಹಿಂದೆ ಗೊಬ್ಬರ ಇಡುತ್ತಿದ್ದಿರೆಂದು ಬರೆದಿದ್ದೀರಿ. ಅದು ಪೊಟ್ಯಾಷ್ ಆಗಿದ್ದರೆ, ಆ ಕೆಂಪು ಹರಳು ಪೊಟ್ಯಾಸಿಯಂ ಕ್ಲೋರೈಡು. ತುಕ್ಕಿನ ಮಟ್ಟಿಗೆ ಅಡುಗೆ ಉಪ್ಪಿಗೆ ಅಣ್ಣನೋ ತಮ್ಮನೋ ಅನ್ನಬಹುದು. ಬೆಸುಗೆಗೆ ಮುಂಚೆ ಕ್ಯಾಬಿನ್ನಿನ ತಳವನ್ನು ಎರಡು ಮೂರು ಸಲ ಸಿಹಿನೀರಿನಿಂದ ತೊಳೆದು ಪೂರ್ತಿ ಒಣಗಿಸಿ, ಇಲ್ಲವಾದರೆ ಬಣ್ಣದ ಅಡಿಯಲ್ಲಿ ಉಳಿದ ಆ ಉಪ್ಪು ತನ್ನ ಕೆಲಸವನ್ನು ಮುಂದುವರಿಸುತ್ತದೆ.


ರೈಟರು, ಆಲ್ದೂರು

ನಾನು ವೆಲ್ಡರನಲ್ಲ, ಎಸ್ಟೇಟಿನ ರೈಟರು. ಯಾರೂ ಇನ್ನೂ ಹೇಳದ ಒಂದು ವಿಷಯವನ್ನು ಅನುಭವಿಸಿದವನಾಗಿ ಹೇಳುತ್ತಿದ್ದೇನೆ. ನಮ್ಮ ಜೀಪಿನ ತಳಕ್ಕೆ ತೇಪೆ ಹಾಕಿಸುತ್ತಿದ್ದಾಗ ಮೇಲಿನಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಕಿಡಿಯೊಂದು ತಗಡಿನ ಅಡಿಗೆ ಬಿದ್ದು, ಅಲ್ಲಿ ಮಡಚಿಟ್ಟಿದ್ದ ಗೋಣಿಚೀಲದೊಳಗೆ ಸೇರಿಕೊಂಡಿತ್ತು. ಎಲ್ಲರೂ ಕಾಫಿಗೆ ಹೋಗಿ ಬರುವಷ್ಟರಲ್ಲಿ ಶೆಡ್ಡಿನ ತುಂಬ ಹೊಗೆ. ಆಳುಗಳು ಕೊಡದಲ್ಲಿ ನೀರು ತಂದು ಸುರಿದದ್ದರಿಂದ ಜೀಪು ಉಳಿಯಿತು, ಒಂದು ಕಡೆಯ ವೈರಿಂಗು ಉಳಿಯಲಿಲ್ಲ.

ಆದ್ದರಿಂದ ರಬ್ಬರ್ ಮ್ಯಾಟು, ಸೀಟು, ತಳದ ಕೆಳಗೆ ಹಾದುಹೋಗುವ ವೈರು, ಬ್ರೇಕಿನ ಪೈಪು ಇವನ್ನೆಲ್ಲ ಬಿಚ್ಚಿ ದೂರವಿಡಿ ಅಥವಾ ಒದ್ದೆ ಗೋಣಿಯಿಂದ ಮುಚ್ಚಿ. ಬ್ಯಾಟರಿಯ ಎರಡೂ ಟರ್ಮಿನಲ್ ಕಳಚಿ. ಡೀಸೆಲ್ ಟ್ಯಾಂಕಿನ ಹತ್ತಿರದ ಕೆಲಸವಿದ್ದರೆ ಟ್ಯಾಂಕನ್ನೇ ಇಳಿಸಿ ಹೊರಗೆ ಇಡಿ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯದ್ದು, ಏಕೆಂದರೆ ಅದರ ತುಂಬ ಆವಿ ಇರುತ್ತದೆ. ಕೆಲಸ ಮುಗಿದ ಮೇಲೆ ಕನಿಷ್ಠ ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ.

ಕಣ್ಣಿನ ವಿಷಯವೂ ಹಾಗೆಯೇ. ಒಂದೊಂದು ಟ್ಯಾಕಿಗೆ ಯಾರು ಮುಖವಾಡ ಹಾಕುತ್ತಾರೆಂದು ಬರಿಗಣ್ಣಿನಲ್ಲಿ ಹೊಡೆದವರು ನಡುರಾತ್ರಿ ಕಣ್ಣಿಗೆ ಮರಳು ಎರಚಿದಂತೆ ಒದ್ದಾಡುವುದನ್ನು ನೋಡಿದ್ದೇನೆ. ನಮ್ಮ ಕಡೆ ಅದಕ್ಕೆ ಆಲೂಗಡ್ಡೆ ಹೋಳು ಇಡುವ, ಹಾಲು ಬಿಡುವ ರೂಢಿಯಿದೆ. ಸುಟ್ಟ ಕಣ್ಣಿಗೆ ನಂಜು ಏರಿಸಿಕೊಳ್ಳುವ ದಾರಿ ಅದು. ತಣ್ಣೀರಿನ ಬಟ್ಟೆ ಇಟ್ಟುಕೊಂಡು ಕಣ್ಣಿನ ವೈದ್ಯರನ್ನು ಕಾಣಬೇಕು. 10 ನಂಬರಿನ ಕಪ್ಪು ಗಾಜು ನಿಮ್ಮ ಕೆಲಸಕ್ಕೆ ಸಾಕು. ತಾಮ್ರದ ತುಂಡು ಹಿಡಿಯುವವರ ಕಣ್ಣಿಗೂ ಒಂದು ಬೇಕೆಂಬುದನ್ನು ಮರೆಯಬೇಡಿ.


ತೋಟದ ಲಾರಿ, ಮೂಡಿಗೆರೆ

ಮೂವರಿಗೂ ಕೃತಜ್ಞತೆಗಳು. ಜಿಐ ಶೀಟನ್ನು ಕಣದ ಶೆಡ್ಡಿಗೇ ವಾಪಸು ಕಳುಹಿಸಿದ್ದೇನೆ. ಇಂದು ಸುತ್ತಿಗೆ ಹಿಡಿದು ತಟ್ಟುತ್ತಾ ಹೋದಾಗ ಚಾಲಕನ ಕಡೆ ‘ದಪ್’ ಎನ್ನುವ ಜಾಗ ಹಿಂದಕ್ಕೆ, ಕ್ಯಾಬಿನ್ನನ್ನು ಚಾಸಿಗೆ ಬೋಲ್ಟು ಹಾಕಿ ಕೂರಿಸಿರುವ ಬ್ರಾಕೆಟ್ಟಿನವರೆಗೂ ಹೋಯಿತು. ಬ್ರಾಕೆಟ್ಟಿನ ಒಂದು ಅಂಚು ಪದರು ಪದರಾಗಿ ಏಳುತ್ತಿದೆ. ಅದನ್ನೂ ನಾನೇ ಮಾಡಬಹುದೇ?


ಬಿ.ಎಂ. ರಸ್ತೆ ವೆಲ್ಡರ್, ಹಾಸನ

ಬೇಡ. ಕಾಲಿಡುವ ತಗಡಿನ ಬೆಸುಗೆ ಬಿಟ್ಟರೆ ಪಾದಕ್ಕೆ ನೀರು ಸಿಡಿಯುತ್ತದೆ, ಅಷ್ಟೆ. ಕ್ಯಾಬಿನ್ನಿನ ಬ್ರಾಕೆಟ್ಟು, ಸೀಟಿನ ಬೋಲ್ಟು ಕೂರುವ ಜಾಗ, ಚಾಸಿ ಇವುಗಳ ಬೆಸುಗೆ ಬಿಟ್ಟರೆ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ನಿಮ್ಮ ಜೊತೆ ಇನ್ನೂ ಇಬ್ಬರು ಕುಳಿತಿರುತ್ತಾರೆ. ಚಾಸಿಯ ಮೇಲಿನ ಮತ್ತು ಕೆಳಗಿನ ಅಂಚುಪಟ್ಟಿಗೆ ಅನುಭವಿಗಳೂ ಬೆಸುಗೆ ಹಾಕುವುದಿಲ್ಲ, ಏಕೆಂದರೆ ಭಾರದ ಎಳೆತವೆಲ್ಲ ಅಲ್ಲಿಯೇ ಇರುತ್ತದೆ. ಬ್ರಾಕೆಟ್ಟನ್ನು ಅನುಭವಿಯೊಬ್ಬರಿಂದ ಹೊಸದಾಗಿಯೇ ಹಾಕಿಸಿ, ಅದಾದ ಮೇಲೆ ನಿಮ್ಮ ತಗಡನ್ನು ಅದರವರೆಗೆ ತನ್ನಿ. ಈ ಕ್ರಮ ತಿರುಗಿದರೆ ನಿಮ್ಮ ಹೊಸ ತೇಪೆಯನ್ನೇ ಕೊಯ್ಯಬೇಕಾಗುತ್ತದೆ.

ಇನ್ನೊಂದು ಮಾತು. ಲಾರಿಗೆ ಕೈಹಾಕುವ ಮೊದಲು ಗುಜರಿಯಿಂದ ಹಾಳಾದ ಬಾಗಿಲೊಂದನ್ನು ತಂದು ಅದರ ತಗಡಿನಲ್ಲಿ ಬೆಸೆದು ನೋಡಿ. ಬೆಸೆದ ತುಂಡನ್ನು ವೈಸಿಗೆ ಸಿಕ್ಕಿಸಿ ಗೆರೆಯ ಮೇಲೆಯೇ ಮಡಚಿ. ಚುಕ್ಕೆಗಳು ಗುಂಡಿಗಳಂತೆ ಕಳಚಿ ಬಂದರೆ ಒಳಗೆ ಕರಗಿಲ್ಲವೆಂದು ಅರ್ಥ. ಬೆಸುಗೆಯ ಪಕ್ಕದ ತಗಡು ಹರಿದರೆ ನೀವು ಲಾರಿಯ ಹತ್ತಿರ ಹೋಗಬಹುದು.


ತೋಟದ ಲಾರಿ, ಮೂಡಿಗೆರೆ (ಐದು ವಾರಗಳ ನಂತರ)

ಎಲ್ಲಿಯವರೆಗೆ ಬಂದಿದ್ದೇನೆಂದು ತಿಳಿಸುವುದು ಧರ್ಮವಾದ್ದರಿಂದ ಬರೆಯುತ್ತಿದ್ದೇನೆ.

ಸ್ನೇಹಿತರ ಗ್ಯಾರೇಜಿನಿಂದ ಮಿಗ್ ಯಂತ್ರ ದೊರೆಯಿತು. ಗುಜರಿ ಬಾಗಿಲಿನ ಮೇಲೆ ಮೊದಲ ಹನ್ನೊಂದು ತುಂಡುಗಳು ವೈಸಿನಲ್ಲಿ ಗುಂಡಿಗಳಂತೆಯೇ ಕಳಚಿಬಂದವು. ತೂತಾಗುವ ಭಯದಿಂದ ಕರೆಂಟನ್ನು ತೀರ ಇಳಿಸಿಕೊಂಡಿದ್ದೆ. ಹನ್ನೆರಡನೆಯದಕ್ಕೆ ತಗಡು ಹರಿಯಿತು. ಬ್ರಾಕೆಟ್ಟನ್ನು ಚಿಕ್ಕಮಗಳೂರಿನಲ್ಲಿ ಅನುಭವಿಯೊಬ್ಬರಿಂದ ಹಾಕಿಸಿದೆ.

ಚಾಲಕನ ಕಡೆಯ ತಳ ಕೊಯ್ಯುವಾಗ ಪುಟ್ಟಿಯ ಅಡಿಯಲ್ಲಿ, ಹಿಂದಿನ ರಿಪೇರಿಗೂ ಹಿಂದಿನದೊಂದು ತೇಪೆ ಸಿಕ್ಕಿತು. ಎಣ್ಣೆ ಡಬ್ಬ ಬಿಡಿಸಿದ ತಗಡು, ಸುತ್ತಲೂ ಒಂದೇ ಅಂತರದಲ್ಲಿ ಹದಿನಾಲ್ಕು ರಿವೆಟ್. ತಾಯಿಯವರನ್ನು ಕೇಳಿದರೆ ಅದು ತಂದೆಯವರದೇ ಕೈಕೆಲಸವೆಂದರು. ಅದರ ಸುತ್ತಲಿನದೆಲ್ಲ ಕೊಳೆತು ಹೋಗಿದ್ದರೂ ರಿವೆಟುಗಳು ಹಿಡಿದುಕೊಂಡೇ ಇದ್ದವು, ಬಿಡಿಸಲು ಡ್ರಿಲ್ಲೇ ಬೇಕಾಯಿತು.

ಹೊಸ ತೇಪೆಯ ಸಂದನ್ನು ಕೂರಿಸಲು ಒಂದೂವರೆ ದಿನ ಹಿಡಿಯಿತು, ಬೆಸೆಯಲು ಒಂದು ಮಧ್ಯಾಹ್ನ. ಎರಡು ಕಡೆ ತೂತು ಬಿತ್ತು. ಎರಡೂ ಸಂದು ಅಗಲವಾಗಿದ್ದ ಮೂಲೆಯಲ್ಲೇ. ತಾಮ್ರದ ತುಂಡು ಹಿಡಿದು ಮುಚ್ಚಿದೆ. ಸಾಬೂನಿನಷ್ಟು ನುಣುಪಾಗಿಲ್ಲ, ಬೆರಳಾಡಿಸಿದರೆ ಚುಕ್ಕೆಗಳು ಸಿಗುತ್ತವೆ. ಅರೆದು, ತೊಳೆದು, ಒಣಗಿಸಿ, ಮೇಲೂ ಕೆಳಗೂ ಎರಡು ಕೈ ಎಪಾಕ್ಸಿ ಪ್ರೈಮರ್, ಗೆರೆಯ ಮೇಲೆ ಸೀಲರ್ ಹಾಕಿದೆ. ನಿನ್ನೆ ಎರಡು ಕೊಡ ನೀರನ್ನು ಕ್ಯಾಬಿನ್ನಿನೊಳಗೆ ಸುರಿದು ಅಡಿಯಲ್ಲಿ ಟಾರ್ಚು ಹಿಡಿದು ಮಲಗಿದ್ದೆ. ಕ್ಲಚ್ಚಿನ ಕಡೆ ಒಣಗಿದೆ. ಬ್ರೇಕ್ ಪೆಡಲಿನ ಹಿಂದೆ ಒಂದು ಕಡೆ ಮಾತ್ರ ಹನಿ ಕಾಣಿಸಿತು, ಅಲ್ಲಿ ನಾಳೆ ಮತ್ತೆ ಅರೆಯಬೇಕು.

ಬಾಗಿಲುಗಳಿಗೆ ಇನ್ನೂ ಕೈಹಾಕಿಲ್ಲ. ಹಳೇ ಟಿಂಕರ್ ಅವರೇ, ಕೆಳಪಟ್ಟಿ ಪೂರ್ತಿ ಉದುರಿಹೋಗಿರುವುದರಿಂದ ನೀರಿನ ಕಿಂಡಿಗಳು ಎಲ್ಲಿದ್ದವೆಂಬುದೇ ತಿಳಿಯುತ್ತಿಲ್ಲ. ಬೇರೆ ಲಾರಿಯ ಬಾಗಿಲು ನೋಡಿ ಅಳತೆ ತೆಗೆಯಬೇಕೇ, ಅಥವಾ ಪಟ್ಟಿಯ ಅತಿ ತಗ್ಗಿನ ಜಾಗ ನೋಡಿ ನಾನೇ ಕೊರೆಯಬಹುದೇ?


ಹಳೇ ಟಿಂಕರ್, ಸಕಲೇಶಪುರ

ನೀವೇ ಕೊರೆಯಬಹುದು. ಬಾಗಿಲನ್ನು ಲಾರಿಗೆ ತೂಗುಹಾಕಿ, ಪಟ್ಟಿಯನ್ನು ಟ್ಯಾಕಿನಲ್ಲಿ ಮಾತ್ರ ನಿಲ್ಲಿಸಿ, ಒಳಗೆ ಒಂದು ಲೋಟ ನೀರು ಬಿಡಿ. ಅದು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಗುರುತು ಹಾಕಿ. ಮೂರು ಕಡೆ 8 ಮಿ.ಮೀ. ಕಿಂಡಿ ಸಾಕು, ಕೊರೆದ ಅಂಚಿಗೂ ಪ್ರೈಮರ್ ಮುಟ್ಟಿಸಿ. ಲಾರಿಯನ್ನು ಮಟ್ಟಸವಾದ ನೆಲದಲ್ಲಿ ನಿಲ್ಲಿಸಿಕೊಂಡೇ ನೀರು ಬಿಡಿ, ಕಣದ ಇಳಿಜಾರಿನಲ್ಲಿ ಬೇಡ.